ಹೆದರುವ ಮಗುವಿನ ಕೈಗೆ ಯಾವ ಸಾಹಸ? ಕ್ರೈಸ್ತ ಕಥಾಸರಣಿ ಆರಿಸುವವರಿಗೊಂದು ಹೋಲಿಕೆ

ಏಪ್ರಿಲ್ ರಜೆ ಹತ್ತಿರ ಬಂದಾಗ ಒಮ್ಮೆ, ಕ್ರಿಸ್ಮಸ್ ಹತ್ತಿರ ಬಂದಾಗ ಇನ್ನೊಮ್ಮೆ, ಸಂಡೇ ಸ್ಕೂಲಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳುತ್ತಾರೆ: "ಮಗನಿಗೆ ಹತ್ತು ತುಂಬಿತು ಟೀಚರ್, ಸಿಕ್ಕಿದ್ದೆಲ್ಲ ಓದುತ್ತಾನೆ. ನಮ್ಮ ನಂಬಿಕೆಗೆ ಒಪ್ಪುವಂಥ ಸಾಹಸದ ಸೀರೀಸ್ ಯಾವುದು ಕೊಡಿಸಲಿ?" ಮೊದಮೊದಲು ವಯಸ್ಸು ಕೇಳಿ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ಈಗ ನಾನೇ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಅವನು ರಾತ್ರಿ ಯಾವುದಕ್ಕೆ ಹೆದರುತ್ತಾನೆ?

ಸಾಹಸದ ಕಥೆ ಎಂದರೆ ಹೆದರಿಕೆಯ ಕಥೆಯೇ. ಹೆದರಿಕೆ ಇಲ್ಲದ ಕಡೆ ಧೈರ್ಯಕ್ಕೆ ಕೆಲಸವಿಲ್ಲ. ಹಾಗಾಗಿ ಒಂದು ಸರಣಿಯಲ್ಲಿ ಎಷ್ಟು ಬೈಬಲ್ ವಚನಗಳಿವೆ, ಮುಖಪುಟದ ಹಿಂದೆ ಎಷ್ಟು ವಯಸ್ಸು ಅಚ್ಚಾಗಿದೆ ಎಂದು ನೋಡುವುದಕ್ಕಿಂತ, ಅದು ಮಗುವನ್ನು ಎಷ್ಟು ಕತ್ತಲೆಯೊಳಗೆ ಕರೆದುಕೊಂಡು ಹೋಗುತ್ತದೆ, ಅಲ್ಲಿ ಅದರ ಕೈ ಹಿಡಿದುಕೊಂಡಿರುವವರು ಯಾರು ಎಂದು ನೋಡುವುದು ಹೆಚ್ಚು ಉಪಯೋಗದ ಕೆಲಸ. ನಾನು ಮಕ್ಕಳ ಜೊತೆ ಓದಿದ, ಓದಿಸಿದ ಸರಣಿಗಳನ್ನು ಇದೇ ಅಳತೆಯಲ್ಲಿ ಹೋಲಿಸಿದ್ದೇನೆ. ಎಲ್ಲವೂ ಇಂಗ್ಲಿಷ್ ಪುಸ್ತಕಗಳು. ಇಂಗ್ಲಿಷ್ ಸಲೀಸಾಗಿ ಬಾರದ ಮಗುವಿಗೆ ಏನು ಮಾಡಬಹುದು ಎನ್ನುವುದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ.

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ನಾರ್ನಿಯಾ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳಿದ ಸಿ. ಎಸ್. ಲೂಯಿಸ್ 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕ ಹೊರತಂದರು. ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಹಳ್ಳಿಯ ಮನೆಗೆ ಕಳಿಸಲ್ಪಟ್ಟ ನಾಲ್ಕು ಮಕ್ಕಳು ಒಂದು ಬೀರುವಿನೊಳಗೆ ಹೊಕ್ಕು, ಹಿಮ ಕರಗದ ಇನ್ನೊಂದು ಲೋಕದಲ್ಲಿ ಕಾಲಿಡುತ್ತಾರೆ. ಅಲ್ಲಿನ ಒಡೆಯ ಆಸ್ಲಾನ್ ಎಂಬ ಸಿಂಹ. ಆ ಹೆಸರಿಗೆ ತುರ್ಕಿ ಭಾಷೆಯಲ್ಲಿ ಸಿಂಹ ಎಂದೇ ಅರ್ಥ.

ಯೇಸುಸ್ವಾಮಿಯ ಹೆಸರು ಏಳು ಪುಸ್ತಕಗಳಲ್ಲಿ ಎಲ್ಲೂ ಬರುವುದಿಲ್ಲ. ಆದರೂ ಮೊದಲ ಪುಸ್ತಕದ ಕಲ್ಲುಮೇಜಿನ ಅಧ್ಯಾಯ ಓದಿದ ಸಂಡೇ ಸ್ಕೂಲಿನ ಮಗು ಯಾರೂ ಹೇಳದೆಯೇ ಗುರುತು ಹಿಡಿಯುತ್ತದೆ. ತಪ್ಪು ಮಾಡಿದ ಹುಡುಗನ ಬದಲಿಗೆ ಆಸ್ಲಾನ್ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಅವನ ಕೇಸರವನ್ನು ಕತ್ತರಿಸುತ್ತಾರೆ, ಗೇಲಿ ಮಾಡುತ್ತಾರೆ, ಕೊಲ್ಲುತ್ತಾರೆ. ಲೂಸಿ ಮತ್ತು ಸೂಸನ್ ಎಂಬ ಇಬ್ಬರು ಹುಡುಗಿಯರು ರಾತ್ರಿಯಿಡೀ ಆ ದೇಹದ ಪಕ್ಕ ಕೂತಿರುತ್ತಾರೆ. ಇಲಿಗಳು ಬಂದು ಹಗ್ಗ ಕಡಿಯುತ್ತವೆ. ಬೆಳಗಾಗುವಾಗ ಮೇಜು ಎರಡಾಗಿ ಸೀಳುತ್ತದೆ. ಒಂಬತ್ತು ವರ್ಷದ ಮಗುವಿಗೆ ಇದು ನಿಜಕ್ಕೂ ಕಷ್ಟದ ಅಧ್ಯಾಯ. ಆದರೆ ಲೂಯಿಸ್ ಮಗುವನ್ನು ಅಲ್ಲಿ ಒಂಟಿಯಾಗಿ ಬಿಡುವುದಿಲ್ಲ. ಅಳುವ ಇಬ್ಬರು ಹುಡುಗಿಯರನ್ನು ಜೊತೆಗೆ ಕೂರಿಸಿದ್ದಾರೆ, ಬೆಳಗಿನ ಜಾವದ ಚಳಿಯನ್ನೂ ಅವರು ಹಂಚಿಕೊಳ್ಳುವಂತೆ ಬರೆದಿದ್ದಾರೆ. ಶುಭಶುಕ್ರವಾರದ ಆರಾಧನೆಯಲ್ಲಿ ಮಕ್ಕಳು ಯಾಕೆ ಸುಮ್ಮನೆ ಕೂರಬೇಕು ಎಂದು ನಾನು ವರ್ಷಗಟ್ಟಲೆ ವಿವರಿಸಿದ್ದುಂಟು. ಅದನ್ನು ಈ ಅಧ್ಯಾಯ ಒಂದೇ ರಾತ್ರಿಯಲ್ಲಿ ಮಾಡುತ್ತದೆ.

ಮಕ್ಕಳ ಕಥೆಯಿಂದ ಭಯವನ್ನು ತೆಗೆದುಹಾಕಬೇಕು ಎನ್ನುವವರನ್ನು ಲೂಯಿಸ್ ಒಪ್ಪಿರಲಿಲ್ಲ. ಮಕ್ಕಳು ಮುಂದೆ ಕ್ರೂರ ಶತ್ರುಗಳನ್ನು ಎದುರಿಸುವುದು ಹೇಗೂ ಇದ್ದದ್ದೇ, ಅಷ್ಟರೊಳಗೆ ಶೂರರ ಕಥೆಯನ್ನಾದರೂ ಕೇಳಿರಲಿ ಎನ್ನುವುದು ಅವರ ವಾದ. ಅವರಿಗೆ ಇದು ಬರೀ ಸಿದ್ಧಾಂತವಾಗಿರಲಿಲ್ಲ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ, 1908ರಲ್ಲಿ, ತಾಯಿ ತೀರಿಕೊಂಡರು. ಆರನೆಯದಾಗಿ ಪ್ರಕಟವಾದ ಪುಸ್ತಕದಲ್ಲಿ ಡಿಗೊರಿ ಎಂಬ ಹುಡುಗನ ತಾಯಿ ಹಾಸಿಗೆ ಹಿಡಿದಿದ್ದಾಳೆ. ಅವಳನ್ನು ಉಳಿಸುವ ಹಣ್ಣನ್ನು ಅವನು ಕದಿಯಬಹುದು, ಕದಿಯುವುದಿಲ್ಲ. ಆಮೇಲೆ ಅದೇ ಹಣ್ಣು ಅವನಿಗೆ ಉಡುಗೊರೆಯಾಗಿ ಸಿಗುತ್ತದೆ, ತಾಯಿ ಬದುಕುತ್ತಾಳೆ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ದೊಡ್ಡ ಕಾಯಿಲೆ ಇದ್ದರೆ ಈ ಒಂದು ಪುಸ್ತಕವನ್ನು ಮಗುವಿನ ಕೈಗೆ ಸುಮ್ಮನೆ ಇಟ್ಟು ಹೋಗಬೇಡಿ. ಜೊತೆಗೆ ಕೂತು ಓದಿ. ಕಥೆಯ ತಾಯಿ ಬದುಕಿದಳು, ಬರೆದವರ ತಾಯಿ ಬದುಕಲಿಲ್ಲ ಎನ್ನುವುದನ್ನು ಯಾವಾಗ ಹೇಳಬೇಕು ಎಂದು ನಿಮಗೇ ತಿಳಿಯುತ್ತದೆ.

ಓದುವ ಕ್ರಮದ ಬಗ್ಗೆ ಒಂದು ಮಾತು. ಈಗ ಅಂಗಡಿಯಲ್ಲಿ ಸಿಗುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕಥೆಯ ಕಾಲಕ್ರಮದ ಪ್ರಕಾರ ನಂಬರು ಹಾಕಿರುತ್ತಾರೆ, ಅಂದರೆ ಡಿಗೊರಿಯ ಪುಸ್ತಕಕ್ಕೆ ಒಂದನೇ ನಂಬರು. 1957ರಲ್ಲಿ ಒಬ್ಬ ಹುಡುಗನಿಗೆ ಬರೆದ ಕಾಗದದಲ್ಲಿ ಲೂಯಿಸ್ ಆ ಕ್ರಮವನ್ನೇ ಒಪ್ಪಿದ್ದೂ ನಿಜ. ಆದರೂ ನಾನು ಬೀರುವಿನ ಪುಸ್ತಕದಿಂದಲೇ ಶುರುಮಾಡಿಸುತ್ತೇನೆ. ಹಿಮದ ನಡುವೆ ಒಂದು ದೀಪದ ಕಂಬ ಯಾಕಿದೆ ಎಂದು ಗೊತ್ತಿಲ್ಲದೆ ನಿಲ್ಲುವ ಸುಖವನ್ನು ಮಗುವಿನಿಂದ ಕಿತ್ತುಕೊಳ್ಳಬಾರದು.

ನಾರ್ನಿಯಾದಲ್ಲಿ ನನಗೆ ನೋವಾಗುವ ಜಾಗವೂ ಇದೆ. ದಕ್ಷಿಣದ ಕ್ಯಾಲೋರ್ಮೆನ್ ದೇಶದವರು ಕಪ್ಪು ಮೈಬಣ್ಣದವರು, ರುಮಾಲು ಸುತ್ತಿದವರು, ಬಾಗಿದ ಕತ್ತಿಯವರು, ಹೆಚ್ಚಿನವರು ಕ್ರೂರಿಗಳು. ಅವರ ದೇವತೆ ಟಾಶ್‌ಗೆ ರಣಹದ್ದಿನ ತಲೆ, ನಾಲ್ಕು ಕೈ. ಇಂಗ್ಲೆಂಡಿನ ಮಗು ಇದನ್ನು ದೂರದ ಬಣ್ಣದ ಚಿತ್ರದಂತೆ ನೋಡಬಹುದು. ನಮ್ಮ ಮಗು ಶಾಲೆಗೆ ಹೋಗುವಾಗ ಪಕ್ಕದಲ್ಲಿ ಕೂರುವ ಗೆಳತಿಯ ಮನೆಯ ದೇವರ ಕೋಣೆಯನ್ನು ನೆನೆಯುತ್ತದೆ, ಕನ್ನಡಿಯಲ್ಲಿ ತನ್ನ ಬಣ್ಣವನ್ನೂ ನೋಡಿಕೊಳ್ಳುತ್ತದೆ. ಹಾಗೆಂದು ಪುಸ್ತಕವನ್ನು ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಅದೇ ದೇಶದ ಅರಾವಿಸ್ ಎಂಬ ಹುಡುಗಿ ಒಂದು ಪುಸ್ತಕದ ನಾಯಕಿ, ಲೂಯಿಸ್ ಬರೆದ ಧೀರ ಹೆಣ್ಣುಮಕ್ಕಳಲ್ಲಿ ಒಬ್ಬಳು. ಕೊನೆಯ ಪುಸ್ತಕದಲ್ಲಿ ಎಮೆತ್ ಎಂಬ ಕ್ಯಾಲೋರ್ಮೆನ್ ಯೋಧ ಜೀವನವಿಡೀ ಟಾಶ್‌ನನ್ನು ಪೂಜಿಸಿದವನು. ಆಸ್ಲಾನ್ ಅವನನ್ನು ಸ್ವೀಕರಿಸುತ್ತಾನೆ. ಎಮೆತ್ ಎಂದರೆ ಹೀಬ್ರೂ ಭಾಷೆಯಲ್ಲಿ ಸತ್ಯ. ಈ ಪುಟಗಳ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲ, ಇದು ತಪ್ಪು ಬೋಧನೆ ಎನ್ನುವವರೂ ಇದ್ದಾರೆ. ಹಲವು ಧರ್ಮದವರ ನಡುವೆ ಬಾಳುವ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ, ಪುಸ್ತಕ ಕೈಯಲ್ಲಿದ್ದಾಗ ಕೇಳಲಿ.

ಕೊನೆಯ ಪುಸ್ತಕಕ್ಕೆ, ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ 1956ರಲ್ಲಿ ಬಂದಿತು, ಆದರೆ ಹನ್ನೊಂದು ಹನ್ನೆರಡು ಆಗುವ ತನಕ ಅದನ್ನು ಕೊಡಬೇಡಿ. ನಮಗೆ ಪ್ರಿಯರಾದ ಬಹುತೇಕ ಎಲ್ಲರೂ ರೈಲು ಅಪಘಾತದಲ್ಲಿ ಸತ್ತಿದ್ದಾರೆ ಎಂದು ತಿಳಿಯುವುದು ಅಲ್ಲೇ. ಸೂಸನ್ ಅವರೊಂದಿಗೆ ಇಲ್ಲ, ಅವಳು ನಾರ್ನಿಯಾವನ್ನು ಮರೆತಿದ್ದಾಳೆ. ಈ ಕಾರಣಕ್ಕೆ ಅತ್ತ ಹುಡುಗಿಯರನ್ನು ನಾನು ನೋಡಿದ್ದೇನೆ.

ಇನ್ನು ವಿಂಗ್‌ಫೆದರ್ ಸಾಗಾ. ಇತ್ತೀಚಿನ ಸರಣಿಗಳಲ್ಲಿ ನನ್ನ ಮನಸ್ಸು ಹೆಚ್ಚು ಒಲಿದದ್ದು ಇದಕ್ಕೆ. ಅಮೆರಿಕದ ನ್ಯಾಶ್‌ವಿಲ್‌ನ ಹಾಡುಗಾರ ಆಂಡ್ರೂ ಪೀಟರ್‌ಸನ್ 2008ರಿಂದ 2014ರವರೆಗೆ ಬರೆದ ನಾಲ್ಕು ದಪ್ಪ ಪುಸ್ತಕಗಳು. ಹನ್ನೆರಡು ವರ್ಷದ ಜಾನರ್, ಅವನ ತಮ್ಮ ಟಿಂಕ್, ಕಾಲು ಊನವಾಗಿ ಊರುಗೋಲಿನ ಮೇಲೆ ನಡೆಯುವ ತಂಗಿ ಲೀಲಿ, ಅವರ ತಾಯಿ, ಒಂಟಿ ಕಾಲಿನ ಅಜ್ಜ. ಹಲ್ಲಿಯಂಥ ಫ್ಯಾಂಗ್‌ಗಳು ಊರನ್ನು ಆಳುತ್ತಿವೆ. ರಾತ್ರಿ ಕಪ್ಪು ಗಾಡಿಯೊಂದು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ.

ಮೊದಲ ಪುಸ್ತಕದ ಶುರುವಿನಲ್ಲಿ ತಮಾಷೆಯೇ ಹೆಚ್ಚು: ಕಚ್ಚುವ ಹಲ್ಲಿನ ಹಸುಗಳು, ಪುಟದ ಅಡಿಯಲ್ಲಿ ಗಂಭೀರ ಮುಖ ಮಾಡಿಕೊಂಡು ಸುಳ್ಳು ಹೇಳುವ ಅಡಿಟಿಪ್ಪಣಿಗಳು. ಅವಸರದ ಮಕ್ಕಳು ಈ ಹಂತದಲ್ಲಿ ಬೇಸರಪಟ್ಟು ಕೈಬಿಡುತ್ತಾರೆ. ನೂರು ಪುಟ ದಾಟಿಸಿ, ಆಮೇಲೆ ನೀವು ದಾಟಿಸಬೇಕಾಗಿಲ್ಲ. ಎರಡನೆಯ ಪುಸ್ತಕದಲ್ಲಿ ಜಾನರ್ ಒಂದು ಕಾರ್ಖಾನೆಗೆ ಸಿಕ್ಕಿಬೀಳುತ್ತಾನೆ. ಅಲ್ಲಿ ಕದ್ದು ತಂದ ಮಕ್ಕಳಿಂದ ದುಡಿಸಿಕೊಳ್ಳುತ್ತಾರೆ, ಎದುರು ಮಾತಾಡಿದವರನ್ನು ಶವಪೆಟ್ಟಿಗೆಯಲ್ಲಿ ಕೂಡಿ ಹಾಕುತ್ತಾರೆ. ಕತ್ತಲ ಕೋಣೆಗೆ, ಮುಚ್ಚಿದ ಲಿಫ್ಟಿಗೆ ಹೆದರುವ ಮಗು ನಿಮ್ಮದಾದರೆ ಆ ಅಧ್ಯಾಯಗಳನ್ನು ಮೊದಲು ನೀವು ಓದಿಕೊಳ್ಳಿ.

ಇಷ್ಟು ಕತ್ತಲಿದ್ದರೂ ಇದನ್ನು ಯಾಕೆ ಮೇಲಿಡುತ್ತೇನೆ ಎಂದರೆ, ಇಲ್ಲಿ ಭಯಕ್ಕೆ ಒಂದು ಮುಖವಿದೆ, ಆ ಮುಖದ ಹಿಂದೆ ಒಂದು ಸೋಲಿನ ಕಥೆಯಿದೆ. ಫ್ಯಾಂಗ್‌ಗಳು ಎಲ್ಲಿಂದಲೋ ಬಂದ ರಾಕ್ಷಸರಲ್ಲ. ನೋವು ತಾಳಲಾರದೆ, ಬಲ ಬೇಕೆಂದು, ತಮ್ಮ ಹೆಸರನ್ನೇ ಬಿಟ್ಟುಕೊಟ್ಟ ಮನುಷ್ಯರು ಅವರು. ಇದು ತಿಳಿದ ಮೇಲೆ ಮಗು ಖಳರನ್ನು ನೋಡುವ ರೀತಿಯೇ ಬದಲಾಗುತ್ತದೆ. ಮನೆಯವರಲ್ಲೇ ಒಬ್ಬರು ಹಾಗೆ ಸೋತಾಗ ಅಣ್ಣನಾದವನು ಏನು ಮಾಡಬೇಕು ಎನ್ನುವುದು ಮೂರನೆಯ, ನಾಲ್ಕನೆಯ ಪುಸ್ತಕಗಳ ಜೀವಾಳ. ಈ ಲೋಕದಲ್ಲಿ ದೇವರನ್ನು ಮೇಕರ್ ಎಂದು ಕರೆಯುತ್ತಾರೆ, ಪ್ರಾರ್ಥಿಸುತ್ತಾರೆ, ಅವನ ಮೇಲೆ ಸಿಟ್ಟೂ ಮಾಡಿಕೊಳ್ಳುತ್ತಾರೆ. ಕೀರ್ತನೆಗಳ ಪುಸ್ತಕ ಓದಿದ ಮನೆಗೆ ಆ ಸಿಟ್ಟು ಹೊಸದಲ್ಲ. ಇನ್ನೊಂದು ಸಂಗತಿ ನನ್ನನ್ನು ಬಹಳ ತಟ್ಟಿತು. ಈ ರಾಜ್ಯದಲ್ಲಿ ಪಟ್ಟ ಸಿಗುವುದು ಎರಡನೆಯ ಮಗುವಿಗೆ. ಮೊದಲನೆಯದರ ಕೆಲಸ ತಮ್ಮನನ್ನು ಕಾಯುವುದು. ಅಣ್ಣ ತಮ್ಮಂದಿರ ಜಗಳ ತೀರದ ಮನೆಗಳಿಗೆ ನಾನು ಬೇರೇನೂ ಯೋಚಿಸದೆ ಇದನ್ನೇ ಹೇಳುತ್ತೇನೆ. 2022ರಲ್ಲಿ ಇದು ಅನಿಮೇಷನ್ ಸರಣಿಯಾಗಿಯೂ ಬಂದಿದೆ. ಪುಸ್ತಕ ಮೊದಲು, ಪರದೆ ಆಮೇಲೆ.

ಕೊನೆಯ ಪುಸ್ತಕದ ಕೊನೆಯ ಪುಟಗಳನ್ನು ನಾನು ಬಿಚ್ಚಿ ಹೇಳುವುದಿಲ್ಲ. ಆ ರಾತ್ರಿ ಮಗುವಿನ ಜೊತೆ ಮನೆಯಲ್ಲಿರಿ, ಅಷ್ಟು ಸಾಕು.

ಮಾಯ ಮಂತ್ರ ಬರುವ ಪುಸ್ತಕ ನಮ್ಮ ಮನೆಗೆ ಬೇಡ ಎನ್ನುವ ತಂದೆತಾಯಿಯರಿದ್ದಾರೆ. ಬಿಳಿ ಮಾಟಗಾತಿ ಇರುವ ಕಾರಣಕ್ಕೇ ನಾರ್ನಿಯಾವನ್ನು ಒಪ್ಪದವರು ನಮ್ಮ ಸಭೆಯಲ್ಲೇ ಇದ್ದಾರೆ. ಅವರ ಅಂಜಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರಿಗೆ ನಾನು ಹೇಳುವುದು ಎಸ್. ಡಿ. ಸ್ಮಿತ್ ಬರೆದ ಗ್ರೀನ್ ಎಂಬರ್. 2014ರಿಂದ 2020ರ ನಡುವೆ ಬಂದ ನಾಲ್ಕು ಮುಖ್ಯ ಪುಸ್ತಕಗಳು, ಜೊತೆಗೆ ಹಿಂದಿನ ಕಾಲದ ಕಥೆ ಹೇಳುವ ಸಣ್ಣ ಪುಸ್ತಕಗಳು. ಕತ್ತಿ ಹಿಡಿದ ಮೊಲಗಳ ಕಥೆ. ಹೆದರ್ ಮತ್ತು ಪಿಕೆಟ್ ಎಂಬ ಅಕ್ಕ ತಮ್ಮನ ಮನೆಗೆ ತೋಳಗಳು ಬೆಂಕಿ ಇಡುತ್ತವೆ, ಅಪ್ಪ ಅಮ್ಮ ಪುಟ್ಟ ತಮ್ಮ ಎಲ್ಲಿ ಹೋದರೆಂದು ತಿಳಿಯದು, ಪಿಕೆಟ್‌ನ ಕಾಲು ಮುರಿಯುತ್ತದೆ. ಅದಕ್ಕಿಂತ ದೊಡ್ಡ ಗಾಯ ಇನ್ನೊಂದು: ರಾಜನಿಗೆ ದ್ರೋಹ ಮಾಡಿದವನು ತಮ್ಮ ಮನೆತನದವನೇ ಎಂದು ಅವರಿಗೆ ಗೊತ್ತಾಗುತ್ತದೆ, ಹೋದ ಕಡೆಯೆಲ್ಲ ಜನ ಅವರ ಮನೆತನದ ಹೆಸರು ಕೇಳಿ ಮುಖ ತಿರುಗಿಸುತ್ತಾರೆ. ಮನೆತನದ ಹೆಸರಿನ ಭಾರ ಏನೆಂದು ನಮ್ಮ ಊರಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಬೈಬಲ್ ವಚನವಿಲ್ಲ, ಪ್ರಸಂಗವಿಲ್ಲ. ಹಾಳಾದ ಕಾಡು ಒಂದು ದಿನ ಸರಿಹೋಗುತ್ತದೆ ಎಂಬ ನಿರೀಕ್ಷೆಯನ್ನು ಮಾತ್ರ ಹಿಡಿದುಕೊಂಡು, ಒಂದು ಬೆಟ್ಟದ ಗುಟ್ಟಿನ ಊರಿನಲ್ಲಿ ಮೊಲಗಳು ಕುಶಲಕರ್ಮ ಕಲಿಯುತ್ತಾ, ಹಾಡುತ್ತಾ, ಯುದ್ಧಕ್ಕೆ ತಯಾರಾಗುತ್ತವೆ. ಯುದ್ಧ ಬಹಳ ಇದೆ, ಸಾವೂ ಇದೆ. ಆದರೆ ಮೈ ಜುಮ್ಮೆನಿಸುವ ದೆವ್ವದ ಭಯವಿಲ್ಲ. ಎಂಟರಿಂದ ಹನ್ನೊಂದರ ನಡುವಿನ, ಕತ್ತಿಯ ಆಟ ಇಷ್ಟಪಡುವ ಮಕ್ಕಳಿಗೆ ಸರಿಹೊಂದುತ್ತದೆ. ಬರವಣಿಗೆಯ ಸೊಗಸಿನಲ್ಲಿ ಲೂಯಿಸ್‌ಗೆ ಸಮನಲ್ಲ ಎಂದು ನನ್ನ ಅನಿಸಿಕೆ, ಮಕ್ಕಳು ಅದನ್ನು ಒಪ್ಪುವುದಿಲ್ಲ.

ಏಳೆಂಟು ವರ್ಷದ, ಈಗಷ್ಟೇ ತಾನಾಗಿ ಓದಲು ಕಲಿತ ಮಗುವಿಗೆ ಇಮ್ಯಾಜಿನೇಷನ್ ಸ್ಟೇಷನ್ ಸಾಕು. 1987ರಲ್ಲಿ ಶುರುವಾದ ಒಂದು ಅಮೆರಿಕನ್ ರೇಡಿಯೋ ನಾಟಕಮಾಲೆಯ ಊರು ಮತ್ತು ಅಲ್ಲಿನ ವಿಟೇಕರ್ ತಾತನನ್ನು ಇಟ್ಟುಕೊಂಡು 2010ರಿಂದ ಬಂದ ತೆಳು ಪುಸ್ತಕಗಳು. ಪ್ಯಾಟ್ರಿಕ್ ಮತ್ತು ಬೆತ್ ಒಂದು ಯಂತ್ರದೊಳಗೆ ಕೂತು ವೈಕಿಂಗರ ಕಾಲಕ್ಕೋ ರೋಮಿನ ಅಖಾಡಕ್ಕೋ ಕುಬ್ಲಾಯ್ ಖಾನನ ಅರಮನೆಗೋ ಹೋಗಿ ಬರುತ್ತಾರೆ. ಅಕ್ಷರ ದೊಡ್ಡದು, ಚಿತ್ರಗಳಿವೆ, ಅಪಾಯ ಬಂದರೆ ಯಂತ್ರ ಮನೆಗೆ ತಲುಪಿಸುತ್ತದೆ ಎಂದು ಮಗುವಿಗೆ ಗೊತ್ತು. ಹತ್ತು ದಾಟಿದವರಿಗೆ ಇದು ಸಪ್ಪೆ.

ನಿಜವಾಗಿ ನಡೆದದ್ದೇ ಬೇಕು ಎನ್ನುವ ಮಕ್ಕಳದ್ದು ಬೇರೆ ಜಾತಿ. "ಇದು ನಿಜಾನಾ?" ಎಂದು ಪ್ರತಿ ಪುಟಕ್ಕೂ ಕೇಳುವವರು. ಅವರಿಗೆ ಎರಡು ದಾರಿಗಳಿವೆ. ಡೇವ್ ಮತ್ತು ನೆಟಾ ಜ್ಯಾಕ್ಸನ್ ದಂಪತಿಯ ಟ್ರೇಲ್‌ಬ್ಲೇಜರ್ ಬುಕ್ಸ್ ಒಂದು. ನಲವತ್ತು ಪುಸ್ತಕಗಳಲ್ಲಿಯೂ ಕಥೆಯ ಮಧ್ಯದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ, ಅವರು ಓಡುತ್ತಾ ಅಡಗುತ್ತಾ ಒಬ್ಬ ಐತಿಹಾಸಿಕ ವ್ಯಕ್ತಿಯ ಹಾದಿಗೆ ಬೀಳುತ್ತಾರೆ: ಲೂಥರ್, ಟಿಂಡೇಲ್, ಲಿವಿಂಗ್‌ಸ್ಟನ್, ಬರ್ಮಾದ ಜೈಲಿನಲ್ಲಿದ್ದ ಜಡ್ಸನ್. ಕೊನೆಯಲ್ಲಿ ಆ ವ್ಯಕ್ತಿಯ ನಿಜವಾದ ಬದುಕಿನ ಬಗ್ಗೆ ಕೆಲವು ಪುಟಗಳಿರುತ್ತವೆ. ಇನ್ನೊಂದು, ಜಾನೆಟ್ ಮತ್ತು ಜೆಫ್ ಬೆಂಜ್ ಬರೆದ ಕ್ರಿಶ್ಚಿಯನ್ ಹೀರೋಸ್: ದೆನ್ ಅಂಡ್ ನೌ. ಇದು ನೇರ ಜೀವನಚರಿತ್ರೆ, ಒಂದೊಂದೂ ಸುಮಾರು ಇನ್ನೂರು ಪುಟ. ಮೊದಲ ಪುಟದಲ್ಲೇ ಪ್ರಾಣಾಪಾಯದ ಒಂದು ಸನ್ನಿವೇಶ ಇಟ್ಟು, ಆಮೇಲೆ ಬಾಲ್ಯಕ್ಕೆ ಹೋಗುವ ಪದ್ಧತಿ.

ಎರಡರಲ್ಲಿ ಆರಿಸಬೇಕಾದರೆ ನಾನು ಬೆಂಜ್ ದಂಪತಿಯ ಪುಸ್ತಕಗಳನ್ನು ಹಿಡಿಯುತ್ತೇನೆ, ಕಾರಣ ಅಲ್ಲಿ ನಮ್ಮ ನೆಲದ ಕಥೆಗಳಿವೆ. ಆದರೆ ಕ್ರಮವನ್ನು ನೀವು ಮಾಡಿಕೊಡಬೇಕು. ಇಡೀ ಸರಣಿಯಲ್ಲಿ ಹೆಚ್ಚಿನ ನಾಯಕರು ಯುರೋಪಿನಿಂದ ಅಮೆರಿಕದಿಂದ ಹೊರಟವರು. ಅವರನ್ನೇ ಸಾಲಾಗಿ ಓದಿದ ಮಗು, ಸಾಹಸ ಮಾಡುವವರು ಅವರು, ರಕ್ಷಣೆ ಪಡೆಯುವವರು ನಾವು ಎಂದು ತಿಳಿದುಬಿಡುತ್ತದೆ. ಆದ್ದರಿಂದ ಮೊದಲ ಪುಸ್ತಕ ಸಾಧು ಸುಂದರ್ ಸಿಂಗ್ ಆಗಿರಲಿ. 1889ರಲ್ಲಿ ಪಂಜಾಬಿನ ಸಿಖ್ ಮನೆಯಲ್ಲಿ ಹುಟ್ಟಿ, ಹದಿನಾರನೆಯ ಹುಟ್ಟುಹಬ್ಬದ ದಿನ ದೀಕ್ಷಾಸ್ನಾನ ಪಡೆದು, ಕಾವಿ ತೊಟ್ಟು ಬರಿಗಾಲಲ್ಲಿ ಹಿಮಾಲಯ ದಾಟಿ ಟಿಬೆಟ್ಟಿಗೆ ನಡೆದವರು, 1929ರಲ್ಲಿ ಅದೇ ದಾರಿಯಲ್ಲಿ ಹೋದವರು ಮರಳಲಿಲ್ಲ. ಯಾವ ಕಲ್ಪಿತ ಲೋಕದ ಸಾಹಸಕ್ಕೂ ಇದು ಕಡಿಮೆಯಲ್ಲ.

ಅದಾದ ಮೇಲೆ ಐಡಾ ಸ್ಕಡರ್. ರಾಣಿಪೇಟೆಯಲ್ಲಿ 1870ರಲ್ಲಿ ಹುಟ್ಟಿದ ಮಿಷನರಿ ಮನೆಯ ಹುಡುಗಿ, ಭಾರತದಲ್ಲಿ ಉಳಿಯುವ ಮನಸ್ಸು ಅವಳಿಗೆ ಇರಲಿಲ್ಲ. ಒಂದೇ ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೆ ಒಬ್ಬರು, ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಹೆಂಡತಿಗೆ ಸಹಾಯ ಬೇಕೆಂದು ಬಂದರು. ಅವಳ ತಂದೆ ವೈದ್ಯರು, ಆದರೆ ಗಂಡು ವೈದ್ಯರು ಬೇಡ ಎಂದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಅವಳು ಅಮೆರಿಕಕ್ಕೆ ಹೋಗಿ ವೈದ್ಯಳಾಗಿ ಹಿಂದಿರುಗಿ 1900ರಲ್ಲಿ ವೆಲ್ಲೂರಿನಲ್ಲಿ ಚಿಕಿತ್ಸೆ ಶುರುಮಾಡಿದಳು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ ತೆರೆದಳು. ನಮ್ಮ ರಾಜ್ಯದಿಂದ ವೆಲ್ಲೂರಿಗೆ ರೈಲು ಹತ್ತಿದ ಅಜ್ಜಿಯೋ ಚಿಕ್ಕಪ್ಪನೋ ಇಲ್ಲದ ಕ್ರೈಸ್ತ ಮನೆ ಕಡಿಮೆ. ಆ ಆಸ್ಪತ್ರೆಯ ಹಿಂದೆ ಇಂಥ ಒಂದು ರಾತ್ರಿ ಇತ್ತು ಎಂದು ತಿಳಿದ ಮಗು ಅಜ್ಜಿಯ ಹತ್ತಿರ ಹೋಗಿ ಕೂರುತ್ತದೆ.

ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್ ಎರಡೂ ಸರಣಿಗಳಲ್ಲಿ ಇದ್ದಾರೆ. 1895ರಲ್ಲಿ ಭಾರತಕ್ಕೆ ಬಂದಾಗ ಅವರು ಮೊದಲು ಇದ್ದದ್ದು ನಮ್ಮ ಬೆಂಗಳೂರಿನಲ್ಲಿ, ಆಮೇಲೆ ತಿರುನೆಲ್ವೇಲಿಯ ಕಡೆಗೆ ಹೋದರು. 1951ರಲ್ಲಿ ಸಾಯುವವರೆಗೂ ಊರಿಗೆ ಮರಳಲಿಲ್ಲ. ಚಿಕ್ಕವರಿದ್ದಾಗ ನೀಲಿ ಕಣ್ಣು ಕೊಡು ಎಂದು ದೇವರನ್ನು ಬೇಡಿ, ಬೆಳಗ್ಗೆ ಕನ್ನಡಿಯಲ್ಲಿ ಕಂದು ಕಣ್ಣನ್ನೇ ನೋಡಿ ಬೇಸರಪಟ್ಟರಂತೆ. ಮುಂದೆ ಇಲ್ಲಿ ಸೀರೆ ಉಟ್ಟು ಮೈಗೆ ಬಣ್ಣ ಹಚ್ಚಿಕೊಂಡು ಹೋಗಬೇಕಾದಾಗ ಅದೇ ಕಣ್ಣು ಕೆಲಸಕ್ಕೆ ಬಂತು ಎಂದು ಹೇಳುತ್ತಾರೆ. ಸಂಡೇ ಸ್ಕೂಲಿನಲ್ಲಿ ಇದನ್ನು ಹೇಳಿದಾಗ ಮಕ್ಕಳು ಪರಸ್ಪರ ಕಣ್ಣು ನೋಡಿಕೊಳ್ಳುತ್ತಾರೆ.

ಆದರೆ ಅವರ ಕಥೆಯ ಮುಖ್ಯ ಭಾಗ ದೇವಸ್ಥಾನಕ್ಕೆ ಬಿಟ್ಟ ಹೆಣ್ಣುಮಕ್ಕಳನ್ನು ಕಾಪಾಡಿದ್ದು. ವಿದೇಶದ ಓದುಗರಿಗಾಗಿ ಬರೆದ ಪುಸ್ತಕದಲ್ಲಿ ಗುಡಿ ಎಂದರೆ ಭಯದ ಜಾಗ ಎನ್ನುವ ಭಾವ ಸುಲಭವಾಗಿ ಬಂದುಬಿಡುತ್ತದೆ. ನಿಮ್ಮ ಮಗು ಅದನ್ನು ಹೊತ್ತುಕೊಂಡು ಹೊರಗೆ ಆಟಕ್ಕೆ ಹೋಗಬಾರದು. ಪುಸ್ತಕ ಮುಗಿದ ದಿನ ಮುತ್ತುಲಕ್ಷ್ಮಿ ರೆಡ್ಡಿಯವರ ಕಥೆಯನ್ನೂ ಹೇಳಿ. ಅವರ ತಾಯಿ ದೇವದಾಸಿ ಸಮುದಾಯದವರು, ಅವರು ಸ್ವತಃ ವೈದ್ಯೆ. ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿದ ಕಾನೂನಿನ ಹಿಂದೆ ಅವರ ವರ್ಷಗಳ ಹೋರಾಟವಿದೆ. ಕರ್ನಾಟಕದಲ್ಲಿ ಕಾನೂನು ಬಂದದ್ದು 1982ರಲ್ಲಿ. ಕೆಟ್ಟದ್ದರ ವಿರುದ್ಧ ನಿಂತವರು ಹೊರಗಿನಿಂದ ಬಂದವರು ಮಾತ್ರವಲ್ಲ ಎಂದು ಮಗುವಿಗೆ ತಿಳಿಯಬೇಕು. ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿಯ ಪುಸ್ತಕ ಓದುವ ಮಗುವಿಗೂ ಜೊತೆಗೊಂದು ಸಂಗತಿ ಹೇಳಬಹುದು. ಬಂಗಾಳದ ಶ್ರೀರಾಂಪುರದಲ್ಲಿ ಕೂತು ಆತ 1817ರಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಕನ್ನಡದ ಒಂದು ವ್ಯಾಕರಣವೂ ಇತ್ತು.

ಈಗ ನಾನು ತಡೆಯುವ ಸರಣಿಗಳು. ಲೆಫ್ಟ್ ಬಿಹೈಂಡ್: ದ ಕಿಡ್ಸ್, 1998ರಿಂದ 2004ರ ತನಕ ಬಂದ ನಲವತ್ತು ತೆಳು ಪುಸ್ತಕಗಳು. ಸಭೆ, ಅಂದರೆ ಕ್ರಿಸ್ತನನ್ನು ನಂಬಿದವರೆಲ್ಲ, ಒಂದು ಕ್ಷಣದಲ್ಲಿ ಪರಲೋಕಕ್ಕೆ ಎತ್ತಲ್ಪಡುತ್ತದೆ, ನಾಲ್ಕು ಮಕ್ಕಳು ಭೂಮಿಯ ಮೇಲೆ ಉಳಿದುಬಿಡುತ್ತಾರೆ. ಓಟ ಜೋರಾಗಿದೆ, ಒಂದು ಹಿಡಿದರೆ ಇನ್ನೊಂದು ಬೇಕೆನಿಸುತ್ತದೆ. ಆದರೂ ತಡೆಯಲು ಎರಡು ಕಾರಣ. ಮೊದಲನೆಯದಾಗಿ, ಲೋಕದ ಕೊನೆಗಾಲದ ಮಹಾಸಂಕಟಕ್ಕೆ ಮುಂಚೆಯೇ ಸಭೆ ಎತ್ತಲ್ಪಡುತ್ತದೆ ಎನ್ನುವುದು ಎಲ್ಲ ಕ್ರೈಸ್ತರ ಬೋಧನೆಯಲ್ಲ. ಬ್ರದರೆನ್ ಮತ್ತು ಪೆಂತೆಕೊಸ್ತ್ ಸಭೆಗಳಲ್ಲಿ ಇದನ್ನು ಕಲಿಸುತ್ತಾರೆ, ಕಥೋಲಿಕ ಸಭೆ ಹಾಗೆ ಕಲಿಸುವುದಿಲ್ಲ. ನಿಮ್ಮ ಸಭೆಯ ಬೋಧನೆ ಏನೆಂದು ಸಭಾಪಾಲಕರನ್ನು ಕೇಳಿ ತಿಳಿದುಕೊಂಡು ಮುಂದುವರಿಯಿರಿ. ಎರಡನೆಯದು ನನಗೆ ಹೆಚ್ಚು ಮುಖ್ಯ. ಇಲ್ಲಿ ಭಯ ಕಥೆಯೊಳಗಿನ ಶತ್ರುವಲ್ಲ, ಓದುವ ಮಗುವನ್ನು ಒಪ್ಪಿಸಲು ಬಳಸುವ ಸಾಧನ. ಶಾಲೆಯಿಂದ ಬಂದಾಗ ಅಮ್ಮ ಪಕ್ಕದ ಮನೆಗೆ ಹೋಗಿದ್ದರೆ, ಮನೆ ಖಾಲಿ ಕಂಡು ಎದೆ ಒಡೆದುಕೊಳ್ಳುವ ಮಗು ಇದೆ. ಅಂಥ ಮಗುವಿಗೆ ಇದನ್ನು ಕೊಡಬೇಡಿ. ಆ ಬೋಧನೆಯನ್ನು ಹೃದಯದಿಂದ ನಂಬುವ ಮನೆಯವರೂ ಹದಿಮೂರು ದಾಟಲಿ ಎಂದು ಕಾಯುವುದು ಒಳ್ಳೆಯದು.

ಫ್ರ್ಯಾಂಕ್ ಪೆರೆಟ್ಟಿಯ ಕೂಪರ್ ಕಿಡ್ಸ್, 1985ರಿಂದ ಶುರುವಾದ ಎಂಟು ಪುಸ್ತಕಗಳು, ಒಬ್ಬ ಪುರಾತತ್ವ ವಿದ್ವಾಂಸ ಮತ್ತು ಅವನ ಇಬ್ಬರು ಮಕ್ಕಳು ಗುಹೆಯ ಬಾಗಿಲುಗಳನ್ನು ತೆರೆಯುವ ಕಥೆ. ಬರೆಯುವ ಕೈ ಚುರುಕು, ಆದರೆ ಬಾಗಿಲ ಹಿಂದೆ ದುರಾತ್ಮಗಳು. ಹನ್ನೆರಡರ ಗಟ್ಟಿ ಮಗುವಿಗೆ ಮಾತ್ರ. ಕರಾವಳಿಯ ಮನೆಗಳಿಗೆ ಇನ್ನೊಂದು ಎಚ್ಚರಿಕೆ: ಇಂಗ್ಲಿಷಿನ ಡೀಮನ್ ಎಂಬ ಮಾತನ್ನು ಮಗು ತನ್ನೊಳಗೆ ಭೂತ ಎಂದು ಅನುವಾದಿಸಿಕೊಳ್ಳುತ್ತದೆ, ಪಕ್ಕದ ಮನೆಯವರು ಭಕ್ತಿಯಿಂದ ನಡೆದುಕೊಳ್ಳುವ ದೈವದ ಕೋಲ ಅದರ ಕಣ್ಣಿಗೆ ಬರುತ್ತದೆ. ನೆರೆಯವರನ್ನು ಕಂಡು ಹೆದರಲು ಒಂದು ಕಥೆಪುಸ್ತಕ ಕಾರಣವಾಗಬಾರದು.

ದುಡ್ಡಿನ ವಿಷಯ. ನಾರ್ನಿಯಾ ದೊಡ್ಡ ಪುಸ್ತಕದಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಹಳೇ ಪುಸ್ತಕದ ಅಂಗಡಿಗಳಲ್ಲೂ ಬಿಡಿಬಿಡಿಯಾಗಿ ಸಿಕ್ಕಿದೆ ನನಗೆ. ಉಳಿದವು ಸಾಮಾನ್ಯವಾಗಿ ಹೊರದೇಶದಿಂದ ಬರುವಂಥವು, ಬೆಲೆ ಮತ್ತು ಕಾಯುವಿಕೆ ಎರಡೂ ಜಾಸ್ತಿ. ಅಷ್ಟು ಹಣ ಹೊಂದಿಸುವುದು ಕಷ್ಟವಾದರೆ ಜಾರ್ಜ್ ಮ್ಯಾಕ್‌ಡೊನಾಲ್ಡ್ ಬರೆದ ಎರಡು ಪುಸ್ತಕಗಳ ಜೋಡಿ ಇದೆ, 1872ರ ದ ಪ್ರಿನ್ಸೆಸ್ ಅಂಡ್ ದ ಗಾಬ್ಲಿನ್ ಮತ್ತು ಅದರ ಮುಂದಿನ ಭಾಗ. ಲೂಯಿಸ್ ತಮ್ಮ ಗುರು ಎಂದು ಕರೆದದ್ದು ಇವರನ್ನು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ರಾಜಕುಮಾರಿ ಐರೀನ್‌ಗೆ ಗೋಪುರದಲ್ಲಿರುವ ಮುತ್ತಜ್ಜಿ ಒಂದು ದಾರ ಕೊಡುತ್ತಾಳೆ. ಅದು ಕಣ್ಣಿಗೆ ಕಾಣದಷ್ಟು ನವಿರು, ಬೆರಳಿಗೆ ಮಾತ್ರ ಸಿಗುತ್ತದೆ. ಆ ದಾರ ಅವಳನ್ನು ಸುರಕ್ಷಿತ ಜಾಗಕ್ಕೆ ಒಯ್ಯುವ ಬದಲು ಬೆಟ್ಟದ ಹೊಟ್ಟೆಯೊಳಗೆ, ಕತ್ತಲಿಗೆ ಕರೆದೊಯ್ಯುತ್ತದೆ, ಯಾಕೆಂದರೆ ಅಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದಿದ್ದಾನೆ. ರಾತ್ರಿ ಒಬ್ಬಳೇ ಮಲಗಲು ಹೆದರುವ ಒಂದು ಹುಡುಗಿಗೆ ನಾನು ಈ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿದ್ದೆ. ಹಳೆಯ ಕಾ­ಲದ ಇಂಗ್ಲಿಷ್, ವಾಕ್ಯಗಳು ಉದ್ದ, ತಾನಾಗಿ ಓದಿಕೊಳ್ಳುವುದು ಕಷ್ಟ. ದೊಡ್ಡವರು ಓದಿ ಹೇಳಬೇಕಾದ ಪುಸ್ತಕ.

ಹಾಗೆ ಹೇಳುವುದು ಇಂಗ್ಲಿಷ್ ಬಾರದ ಮಗುವಿಗಾಗಿ ಮಾಡುವ ರಾಜಿ ಎಂದು ಯಾರೂ ತಿಳಿಯಬಾರದು. ಒಂದು ಅಧ್ಯಾಯ ನೀವು ಮೊದಲೇ ಓದಿಕೊಂಡು, ರಾತ್ರಿ ಊಟವಾದ ಮೇಲೆ ನಿಮ್ಮ ಮನೆಮಾತಿನಲ್ಲಿ ಹೇಳಿ. ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಬೇಗ ದಾಟಬೇಕು ಎಂದು ಅಂಚಿನಲ್ಲಿ ಅಚ್ಚಾದ ವಯಸ್ಸು ಹೇಳಲಾರದು, ನಿಮ್ಮ ತೊಡೆಯ ಮೇಲಿನ ಮಗುವಿನ ಮೈ ಹೇಳುತ್ತದೆ. ಕನ್ನಡದಲ್ಲೇ ತಾನಾಗಿ ಓದುವ ದೊಡ್ಡ ಮಗುವಿಗೆ ಜಾನ್ ಬನ್ಯನ್‌ನ ಯಾತ್ರಿಕನ ಸಂಚಾರ ಇದೆ. 1678ರಲ್ಲಿ ಇಂಗ್ಲಿಷಿನಲ್ಲಿ ಬಂದ ಆ ಕಥೆ ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ಬಂದಿತ್ತು. ಬೆನ್ನ ಮೇಲೆ ಹೊರೆ ಹೊತ್ತ ಮನುಷ್ಯ, ಕೆಸರಿನ ಹೊಂಡ, ಸರಪಳಿಯಿಂದ ಕಟ್ಟಿದ ಎರಡು ಸಿಂಹಗಳ ನಡುವಿನ ಕಿರಿದಾದ ದಾರಿ. ಸಿಂಹಗಳಿಗೆ ಸರಪಳಿ ಇದೆ ಎಂದು ಅವನಿಗೆ ಕಾಣುವುದಿಲ್ಲ, ಬಾಗಿಲು ಕಾಯುವವನು ಕೂಗಿ ಹೇಳಬೇಕಾಗುತ್ತದೆ.

ಯಾವುದನ್ನೇ ಆರಿಸಿದರೂ ಸೆಟ್ ಕೊಳ್ಳಬೇಡಿ. ಮೊದಲ ಪುಸ್ತಕ ಒಂದನ್ನೇ ತನ್ನಿ, ಮಗುವಿಗಿಂತ ಮೊದಲು ನೀವು ಓದಿ ಮುಗಿಸಿ, ಆಮೇಲೆ ಅದರ ಕೈಗೆ ಕೊಡಿ. ಎರಡನೆಯದು ಎಲ್ಲಿ ಎಂದು ಅದಾಗಿ ಕೇಳಿದ ದಿನ ಎರಡನೆಯದನ್ನು ತರಿಸಿ.